ಒಳಮನೆಗೆ ಹೋಗಿ ಬರುವ ದಾರಿ: ಡಿಐಡಿ ಜೊತೆ ಬದುಕುವವರಿಗೊಂದು ಮಾರ್ಗದರ್ಶಿ

ಕಣ್ಣು ಮುಚ್ಚಿದರೆ ಒಳಗೊಂದು ಜಾಗ ಇದೆ, ಅಲ್ಲಿ ತಾವೊಬ್ಬರೇ ಇಲ್ಲ ಎಂದು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ (ಡಿಐಡಿ), ಅಂದರೆ ಒಬ್ಬರೊಳಗೇ ಬೇರೆ ಬೇರೆ ವ್ಯಕ್ತಿತ್ವಗಳಿರುವ ಸ್ಥಿತಿ, ಇದೆ ಎಂದು ಮನೋವೈದ್ಯರು ಹೇಳಿರಬಹುದು. ಇನ್ನೂ ಯಾರೂ ಹೇಳದೆ ಇರಬಹುದು, ಆದರೆ ಗಂಟೆಗಟ್ಟಲೆ ಸಮಯ ಎಲ್ಲಿ ಹೋಯಿತೆಂದು ತಿಳಿಯದಿರುವುದು, ನೀವು ಬರೆಯದ ಅಕ್ಷರ ನಿಮ್ಮದೇ ಪುಸ್ತಕದಲ್ಲಿ ಸಿಗುವುದು ನಡೆಯುತ್ತಿರಬಹುದು. ನಾನು ಕೊಡಗಿನ ಸೋಮವಾರಪೇಟೆ ಕಡೆಯವಳು. ನನ್ನೊಳಗೂ ಹಲವರಿದ್ದಾರೆ. ಥೆರಪಿಸ್ಟ್ ಜೊತೆ ಕೂತು ಕಲಿತು, ಈಗ ದಿನಾ ಬಳಸುತ್ತಿರುವ ಕ್ರಮ ಇಲ್ಲಿದೆ. ನಡುನಡುವೆ ‘ನಾವು’ ಎಂದು ಬಂದರೆ ಅದು ಒಳಗಿನವರನ್ನೂ ಸೇರಿಸಿಕೊಂಡು ಹೇಳುವ ಮಾತು.

ಒಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಒಳಜಾಗವನ್ನು ಒಬ್ಬರೇ ಕಟ್ಟಲಾಗುವುದಿಲ್ಲ. ನಮ್ಮ ಜಿಲ್ಲೆಯ ಐನ್‌ಮನೆಗಳ, ಅಂದರೆ ಕೊಡವ ಕುಲದವರೆಲ್ಲರಿಗೂ ಸೇರಿದ ಮೂಲಮನೆಗಳ, ಹಾಗೆ ಇದು: ಒಕ್ಕದ (ಕುಲದ) ಯಾರೊಬ್ಬರೂ ತಮ್ಮಿಷ್ಟಕ್ಕೆ ಗೋಡೆ ಒಡೆದು ಕಿಟಕಿ ಇಡುವ ಹಾಗಿಲ್ಲ, ಹಿರಿಯರಾದ ಪಟ್ಟೆದಾರರೂ ಉಳಿದವರನ್ನು ಕೇಳಬೇಕು. ಹೊರಗಿನ ಬದುಕನ್ನು ಹೆಚ್ಚಾಗಿ ನಡೆಸುವವರು ನೀವೇ ಆಗಿರಬಹುದು, ಆಧಾರ್ ಕಾರ್ಡಿನಲ್ಲಿರುವುದು ನಿಮ್ಮ ಹೆಸರೇ ಇರಬಹುದು. ಒಳಗೆ ಮಾತ್ರ ನೀವೂ ಪಾಲುದಾರರಲ್ಲಿ ಒಬ್ಬರು.

ಇದು ಏನು, ಯಾಕೆ

ಎಳೆ ವಯಸ್ಸಿನಲ್ಲಿ ಮತ್ತೆ ಮತ್ತೆ ಆದ ಹಿಂಸೆ, ದೌರ್ಜನ್ಯ ಅಥವಾ ತೀವ್ರ ಅಲಕ್ಷ್ಯ ಡಿಐಡಿಯ ಹಿಂದೆ ಬಹುತೇಕ ಇದ್ದೇ ಇರುತ್ತದೆ. ಓಡಿಹೋಗಲು ದಾರಿಯಿಲ್ಲದ ಮಗುವಿನ ಮನಸ್ಸು ಆದದ್ದನ್ನೆಲ್ಲ ಪಾಲು ಮಾಡಿ ಬೇರೆ ಬೇರೆ ಕಡೆ ಇಟ್ಟುಬಿಡುತ್ತದೆ. ಒಬ್ಬರ ಹತ್ತಿರ ನೋವಿನ ನೆನಪು, ಇನ್ನೊಬ್ಬರ ಹತ್ತಿರ ಸಿಟ್ಟು. ಮತ್ತೊಬ್ಬರು ಏನೂ ಆಗಿಲ್ಲವೆಂಬಂತೆ ಬ್ಯಾಗು ಹೆಗಲಿಗೇರಿಸಿ ಶಾಲೆಗೆ ಹೋಗಿ ಬರುವವರು. ಮನಸ್ಸು ಹೀಗೆ ಬೇರ್ಪಡುವುದನ್ನು ಫ್ರಾನ್ಸಿನ ಪಿಯರ್ ಜಾನೆ 1889ರಷ್ಟು ಹಿಂದೆಯೇ ವಿವರವಾಗಿ ಬರೆದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ 1980ರಲ್ಲಿ ‘ಮಲ್ಟಿಪಲ್ ಪರ್ಸನಾಲಿಟಿ’ ಎಂದು ಸೇರಿದ ಹೆಸರು 1994ರಲ್ಲಿ ಡಿಐಡಿ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಭಾಗಶಃ ಡಿಐಡಿ ಎಂಬುದೂ ಇದೆ. ಅಲ್ಲಿ ಒಬ್ಬರೇ ಹೆಚ್ಚಾಗಿ ಹೊರಗಿದ್ದು ದೇಹವನ್ನು ನಡೆಸುತ್ತಾರೆ, ಉಳಿದವರು ಒಳಗಿನಿಂದಲೇ ಆಗಾಗ ಮಾತಿಗೆ, ಕೈಕಾಲಿಗೆ ಅಡ್ಡ ಬರುತ್ತಿರುತ್ತಾರೆ. ಜನ ಇದರೊಂದಿಗೆ ಬೆರೆಸಿಬಿಡುವ ಸ್ಕಿಜೋಫ್ರೀನಿಯಾ ಬೇರೆಯೇ ಕಾಯಿಲೆ, ಅದರ ಚಿಕಿತ್ಸೆಯೂ ಬೇರೆ. ನಿಮಗೆ ಯಾವುದಿದೆ ಎಂದು ತೀರ್ಮಾನಿಸಬೇಕಾದವರು ಮನೋವೈದ್ಯರು.

ಕೊಡಗಿನಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ತೆರೆ ಎಂಬ ದೈವಾರಾಧನೆಯಲ್ಲಿ ವೇಷ ಕಟ್ಟಿದವರ ಮೈಮೇಲೆ ಕಾರಣರು (ಕುಲದ ಪೂರ್ವಿಕರು) ಬರುವುದನ್ನು, ಅವರು ನುಡಿ ಕೊಡುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಸ್ವರ ಬದಲಾಯಿತು ಎಂದ ಕೂಡಲೇ ಮನೆಯವರು ‘ಏನೋ ಬಂದಿದೆ’ ಎನ್ನುತ್ತಾರೆ. ಅವರನ್ನು ದೂರಬೇಡಿ, ಅವರಿಗೆ ಗೊತ್ತಿರುವ ದಾರಿ ಅದು. ವೈದ್ಯಶಾಸ್ತ್ರವೂ ಆ ಆಚರಣೆಯನ್ನು ಕಾಯಿಲೆ ಎನ್ನುವುದಿಲ್ಲ: ಸಮುದಾಯ ಒಪ್ಪಿದ ಧಾರ್ಮಿಕ ಆಚರಣೆಯಲ್ಲಿ ಆಗುವ ಮೈದುಂಬುವಿಕೆಯನ್ನು ಐಸಿಡಿ-11 ರೋಗವಾಗಿ ಎಣಿಸುವುದಿಲ್ಲ. ತೆರೆಗೆ ದಿನವಿದೆ, ಸ್ಥಳವಿದೆ, ಕಟ್ಟಳೆಯಿದೆ. ಡಿಐಡಿ ಸಂತೆಯಲ್ಲಿ, ಬಸ್ಸಿನಲ್ಲಿ, ಪರೀಕ್ಷೆ ಬರೆಯುವಾಗ, ಬೇಡವೆಂದರೂ ಬರುತ್ತದೆ. ಆಮೇಲೆ ನೆನಪಿನಲ್ಲಿ ಗುಂಡಿಗಳು ಉಳಿಯುತ್ತವೆ. ಇಷ್ಟು ಹೇಳಿದರೆ ನಮ್ಮ ಮನೆಯ ಹಿರಿಯರಿಗೂ ಅರ್ಥವಾಯಿತು.

ಇನ್ನು ಒಳಜಾಗ. ಕೆಲವರಿಗೆ ಅದು ಮೊದಲಿನಿಂದಲೂ ಇರುತ್ತದೆ: ಮನೆ, ಕಾಡು, ಉದ್ದದ ಮೊಗಸಾಲೆ, ಬರೀ ಕತ್ತಲೆ. ಕೆಲವರಿಗೆ ಇರುವುದೇ ಇಲ್ಲ, ಮತ್ತು ಇಲ್ಲದಿದ್ದರೆ ಡಿಐಡಿ ಅಲ್ಲ ಎಂದೇನೂ ಅಲ್ಲ. ಇದನ್ನು ಕಲ್ಪಿಸಿಕೊಳ್ಳುವುದರಿಂದ ಆಗುವ ಉಪಯೋಗ ಮೂರು: ಒಳಗಿನವರ ಜೊತೆ ಮಾತಿಗೆ ಒಂದು ನೆಲೆ ಸಿಗುತ್ತದೆ, ಹೆದರಿದವರಿಗೆ ಒಂದು ಸುರಕ್ಷಿತ ಮೂಲೆ ಸಿಗುತ್ತದೆ, ಒಟ್ಟಿಗೇ ನುಗ್ಗುವ ನೆನಪುಗಳಿಗೆ ತಡೆ ಸಿಗುತ್ತದೆ. ಹಳೆಯದನ್ನು ಅಗೆದು ತೆಗೆಯುವುದಕ್ಕೆ ಇದು ಉಪಾಯವಲ್ಲ. ಟ್ರಾಮಾ (ಆಘಾತ) ಮತ್ತು ಡಿಸೋಸಿಯೇಷನ್ (ಮನಸ್ಸು ಬೇರ್ಪಡುವುದು) ಅಧ್ಯಯನದ ಅಂತರರಾಷ್ಟ್ರೀಯ ಸಂಘ 2011ರಲ್ಲಿ ಹೊರಡಿಸಿದ ಚಿಕಿತ್ಸಾ ಸೂತ್ರಗಳಲ್ಲಿ ಮೂರು ಹಂತಗಳಿವೆ: ಮೊದಲು ಸುರಕ್ಷತೆ ಮತ್ತು ಸ್ಥಿರತೆ, ಆಮೇಲೆ ಆಘಾತದ ನೆನಪುಗಳ ಕೆಲಸ, ಕೊನೆಗೆ ಒಂದುಗೂಡುವುದು. ಈ ಬರಹ ಮೊದಲ ಹಂತದ ಬಗ್ಗೆ ಮಾತ್ರ. ಎರಡನೆಯದನ್ನು ಥೆರಪಿಸ್ಟ್ ಇಲ್ಲದೆ, ಮನೆಯಲ್ಲಿ ಒಬ್ಬರೇ ಕೂತು ಮಾಡಬೇಡಿ.

ಹೊರಡುವ ಮೊದಲು

ಹಗಲು ಹೊತ್ತು ಆರಿಸಿಕೊಳ್ಳಿ. ಹೊಟ್ಟೆ ತುಂಬಿರಲಿ. ಕುಡಿದಿರುವಾಗ ಬೇಡವೇ ಬೇಡ, ಮನೆಯಲ್ಲಿ ಮಾಡಿದ ವೈನ್ ಒಂದು ಲೋಟವಾದರೂ ಸರಿ. ಒಲೆ ಮೇಲೆ ಪಾತ್ರೆ ಇಟ್ಟುಕೊಂಡು ಬೇಡ, ಗಾಡಿ ಓಡಿಸುತ್ತಾ ಖಂಡಿತ ಬೇಡ. ಮಡಿಕೇರಿ ಘಾಟಿಯ ತಿರುವಿನಲ್ಲಿ ಯಾರಾದರೂ ಒಳಗೆ ಕರೆದರೆ ಗಾಡಿ ಬದಿಗೆ ಹಾಕಿ, ‘ಮನೆಗೆ ಹೋಗಿ ಮಾತಾಡೋಣ’ ಎಂದು ಜೋರಾಗಿ ಹೇಳಿ, ಮತ್ತು ಮನೆಗೆ ಹೋಗಿ ಮಾತಾಡಿ. ಕೊಟ್ಟ ಮಾತು ತಪ್ಪಿದರೆ ಒಳಗಿನವರು ಮತ್ತೆ ನಂಬಲು ಬಹಳ ಕಾಲ ಹಿಡಿಯುತ್ತದೆ.

ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಡಿ. ನಂಬಿಕೆಯವರು ಮನೆಯಲ್ಲಿದ್ದರೆ, ಅಲಾರಂ ಆದ ಮೇಲೂ ನೀವು ಏಳದಿದ್ದರೆ ದೂರದಿಂದ ಹೆಸರು ಕೂಗಲು ಹೇಳಿ. ಮೈ ಮುಟ್ಟಿ ಎಬ್ಬಿಸುವುದು ಬೇಡ. ನೀವಿರುವ ಮನೆಯೇ ಸುರಕ್ಷಿತವಲ್ಲ ಎಂದಾದರೆ, ಹಿಂಸೆ ಈಗಲೂ ನಡೆಯುತ್ತಿದ್ದರೆ, ಈ ಅಭ್ಯಾಸವನ್ನು ಅಲ್ಲಿ ಮಾಡಬೇಡಿ. ಆಗ ಮೊದಲು ಬೇಕಾದದ್ದು ಹೊರಗಿನ ಸುರಕ್ಷತೆ.

ಕೈಗೆ ಸಿಗುವ ಹಾಗೆ ಒಂದೆರಡು ವಸ್ತು ಇಟ್ಟುಕೊಳ್ಳಿ, ವಾಪಸು ಬರಲು ಬೇಕಾಗುತ್ತದೆ. ನಮ್ಮಲ್ಲಿ ಇದಕ್ಕೆ ಕೊರತೆಯಿಲ್ಲ: ಏಲಕ್ಕಿ, ಕಾಳುಮೆಣಸು, ಕಿತ್ತಳೆ ಸಿಪ್ಪೆ, ಒಂದು ಚೊಂಬು ತಣ್ಣೀರು. ಆದರೆ ಯಾವ ವಾಸನೆ ಯಾರಿಗೆ ಆಗುವುದಿಲ್ಲ ಎಂದು ಮೊದಲೇ ಒಳಗೆ ಕೇಳಿಕೊಳ್ಳಿ. ನಮ್ಮಲ್ಲಿ ಒಬ್ಬಳಿಗೆ ಸೌದೆ ಹೊಗೆಯ ವಾಸನೆ ಬಂದರೆ ಉಸಿರು ಕಟ್ಟುತ್ತದೆ, ಹಾಗಾಗಿ ಬಚ್ಚಲೊಲೆ ಉರಿಯುವ ಹೊತ್ತಿನಲ್ಲಿ ನಾವು ಒಳಗೆ ಹೋಗುವುದಿಲ್ಲ.

ಕೂತ ಮೇಲೆ ಪಾದ ಎರಡೂ ನೆಲಕ್ಕೆ ತಾಗಲಿ. ಬಾಯಿಬಿಟ್ಟು ಹೇಳಿ: ಇವತ್ತು ಇಂಥ ತಾರೀಖು, ಇಂಥ ಇಸವಿ. ನಾನು ಇಂಥ ಊರಿನಲ್ಲಿ, ಇಂಥ ಮನೆಯಲ್ಲಿ ಕೂತಿದ್ದೇನೆ. ನನಗೆ ಇಷ್ಟು ವಯಸ್ಸು. ಬಾಗಿಲ ಚಿಲಕ ನನ್ನ ಕೈಯಲ್ಲಿದೆ. ಇದನ್ನು ನಿಮಗಾಗಿ ಮಾತ್ರ ಹೇಳುತ್ತಿಲ್ಲ, ಒಳಗೆ ಕಿವಿಗೊಟ್ಟಿರುವ, ಇನ್ನೂ ಏಳು ವರ್ಷದಲ್ಲೇ ಇರುವ ಮಗುವಿಗೂ ಹೇಳುತ್ತಿದ್ದೀರಿ.

ಮೊದಲು ನೋಡಿ, ಕಟ್ಟುವ ಅವಸರ ಬೇಡ

ಹೆಚ್ಚಿನವರು ಮೊದಲ ದಿನವೇ ಚೆಂದದ ಮನೆಯೊಂದನ್ನು ಕಲ್ಪಿಸಿಕೊಂಡು ಎಲ್ಲರನ್ನೂ ಅದರೊಳಗೆ ಕರೆಯಲು ಹೊರಡುತ್ತಾರೆ. ಯಾರೂ ಬರುವುದಿಲ್ಲ. ಅವರು ಈಗಾಗಲೇ ಎಲ್ಲೋ ಇದ್ದಾರೆ. ಆ ‘ಎಲ್ಲೋ’ ಯಾವುದೆಂದು ತಿಳಿಯುವುದು ಮೊದಲ ಕೆಲಸ.

ಕಣ್ಣು ಮುಚ್ಚಿ, ಮುಚ್ಚಲು ಭಯವಾದರೆ ನೆಲದ ಮೇಲೆ ಒಂದು ಕಡೆ ದೃಷ್ಟಿ ನೆಟ್ಟು, ಒಳಗೆ ಕೇಳಿ: ‘ನೀವೆಲ್ಲ ಎಲ್ಲಿದ್ದೀರಿ? ನಾನು ಬರೀ ನೋಡಿಹೋಗಲು ಬಂದಿದ್ದೇನೆ.’ ಏನು ಬರುತ್ತದೋ ಬರಲಿ. ಮಂಜು ಬರಬಹುದು. ಒಂದು ಬಾಗಿಲಿನ ಹಿಂದೆ ಯಾರೋ ಇದ್ದಾರೆ ಎಂಬ ಅರಿವಷ್ಟೇ ಬರಬಹುದು. ಹೊಟ್ಟೆಯಲ್ಲಿ ಸಂಕಟ, ಕಿವಿಯಲ್ಲಿ ಒಂದು ಪದ, ಸುಮ್ಮನೆ ಒಂದು ಬಣ್ಣ ಬರಬಹುದು. ಏನೂ ಬರದಿದ್ದರೆ ‘ಇವತ್ತು ಏನೂ ಬರಲಿಲ್ಲ, ಪರವಾಗಿಲ್ಲ’ ಎಂದು ಬರೆದಿಟ್ಟು ಏಳಿ.

ಕೆಲವರ ಮನಸ್ಸಿನಲ್ಲಿ ಚಿತ್ರವೇ ಮೂಡುವುದಿಲ್ಲ. ಅದಕ್ಕೆ ಅಫ್ಯಾಂಟೇಸಿಯ ಎಂಬ ಹೆಸರಿದೆ, 2015ರಲ್ಲಿ ನರವಿಜ್ಞಾನಿ ಆಡಂ ಝೀಮನ್ ಮತ್ತು ಜೊತೆಗಾರರು ಇಟ್ಟದ್ದು. ನಿಮಗೆ ಹಾಗಿದ್ದರೆ ಒಳಜಾಗವನ್ನು ಕಾಣುವ ಹಟ ಬಿಡಿ. ಕಾಗದದ ಮೇಲೆ ಗೆರೆ ಎಳೆಯಿರಿ, ಬೆಂಕಿಪೊಟ್ಟಣ ಮತ್ತು ಕಾಫಿಬೀಜ ಇಟ್ಟು ಮೇಜಿನ ಮೇಲೆಯೇ ಮನೆ ಹೂಡಿ, ಅಥವಾ ‘ಬಲಗಡೆ ಒಂದು ಕೋಣೆ ಇದೆ, ಅಲ್ಲಿ ಬೆಚ್ಚಗಿದೆ’ ಎಂದು ಮಾತಿನಲ್ಲೇ ಹೇಳಿಕೊಳ್ಳಿ. ಒಳಗಿನವರಿಗೆ ಅಷ್ಟು ಸಾಕಾಗುತ್ತದೆ.

ಎಷ್ಟು ಜನ ಇದ್ದಾರೆಂದು ಎಣಿಸಲು ಹೋಗಬೇಡಿ. ಜಾಗ ಖಾಲಿ ಕಂಡಿತೆಂದು ಹೊಸಬರನ್ನು ಕಲ್ಪಿಸಿ ಕೂರಿಸಲೂ ಬೇಡಿ.

ಒಪ್ಪಿಗೆಯ ಪುಸ್ತಕ

ಇನ್ನೂರು ಪುಟದ ಸಾದಾ ನೋಟ್‌ಬುಕ್ ಒಂದು, ಎರಡು ಮೂರು ಬಗೆಯ ಪೆನ್ನು, ಒಂದು ಪೆನ್ಸಿಲ್. ಪುಟದ ಮೇಲೆ ತಾರೀಖು ಹಾಕಿ ಒಂದೇ ಒಂದು ಪ್ರಶ್ನೆ ಬರೆದು, ಪುಸ್ತಕವನ್ನು ತೆರೆದಿಟ್ಟು ನಿಮ್ಮ ಕೆಲಸಕ್ಕೆ ಹೋಗಿ. ಉತ್ತರ ಕೂಡಲೇ ಬರಬೇಕೆಂದಿಲ್ಲ. ನಮ್ಮ ಪುಸ್ತಕದ ಒಂದು ಪುಟ ಹೀಗಿದೆ. ಮೇಲೆ ನನ್ನ ನೀಲಿ ಅಕ್ಷರ: ‘ಎಲ್ಲರೂ ಕೂರಲು ಒಂದು ಜಾಗ ಇದ್ದರೆ ಹೇಗಿರಬೇಕು?’ ಅದರ ಕೆಳಗೆ ಪೆನ್ಸಿಲಿನಲ್ಲಿ, ಗೆರೆ ಮೀರಿದ ದಪ್ಪ ಅಕ್ಷರ: ‘ಕಿಟಕಿ ಬೇಕು. ಕತ್ತಲೆ ಬೇಡ. ನಾಯಿ ಇರಬಹುದಾ ಅಕ್ಕ.’ ಅದಕ್ಕೂ ಕೆಳಗೆ, ಹಿಂದಿನ ಪುಟಕ್ಕೂ ಅಚ್ಚು ಬೀಳುವಷ್ಟು ಒತ್ತಿ ಬರೆದ ಕಪ್ಪು ಅಕ್ಷರ: ‘ನನಗೇನೂ ಬೇಡ. ಬಾಗಿಲು ನಾನು ನೋಡಿಕೊಳ್ತೇನೆ.’ ನಾನು ಬರೆದ ಉತ್ತರ: ‘ಅಣ್ಣ, ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿರುತ್ತೇವೆ. ಕೂರಲೇಬೇಕು ಅಂತಿಲ್ಲ.’

ಆ ಮೂರು ಸಾಲಿನಿಂದ ಮನೆಯ ನಕ್ಷೆ ಅರ್ಧ ತಯಾರಾಯಿತು: ಕಿಟಕಿ, ನಾಯಿ, ಬಾಗಿಲ ಬಳಿ ಕುರ್ಚಿ. ಯಾರು ಏನು ಕೇಳಿದರೂ ಸಾಧ್ಯವಾದಷ್ಟು ಕೊಡಿ. ಒಳಜಾಗದಲ್ಲಿ ಸೈಟಿಗೆ ದುಡ್ಡಿಲ್ಲ, ಮರಳಿಗೆ ದುಡ್ಡಿಲ್ಲ. ಉದಾರವಾಗಿರಲು ಏನೂ ಅಡ್ಡಿಯಿಲ್ಲ. ಇಬ್ಬರ ಬೇಡಿಕೆ ಒಂದಕ್ಕೊಂದು ಹೊಂದದಿದ್ದರೆ ಇಬ್ಬರಿಗೂ ಬೇರೆ ಕೋಣೆ. ಯಾರಾದರೂ ‘ಈ ಕೆಲಸವೇ ಬೇಡ’ ಎಂದು ಬರೆದರೆ ನಿಲ್ಲಿಸಿ, ಯಾಕೆ ಎಂದು ಕೇಳಿ, ಕಾಯಿರಿ. ಬಲವಂತದಿಂದಲೇ ಒಡೆದ ಮನಸ್ಸು ನಮ್ಮದು. ಇಲ್ಲಿಯೂ ಬಲವಂತ ಮಾಡಿದರೆ ಅದೇ ಗಾಯ ಮತ್ತೆ.

ಸೇರುವ ಜಾಗ

1991ರಲ್ಲಿ ಜಾರ್ಜ್ ಫ್ರೇಸರ್ ಎಂಬ ಮನೋವೈದ್ಯರು ಒಂದು ವಿಧಾನ ಪ್ರಕಟಿಸಿದರು: ಮನಸ್ಸಿನೊಳಗೆ ಒಂದು ಕೋಣೆ, ಅದರಲ್ಲೊಂದು ಮೇಜು, ಸುತ್ತ ಕುರ್ಚಿಗಳು, ಬಂದು ಕೂರಲು ಒಳಗಿನವರಿಗೆ ಆಹ್ವಾನ. ಇವತ್ತಿಗೂ ಥೆರಪಿಸ್ಟುಗಳು ಅದನ್ನು ಬಳಸುತ್ತಾರೆ. ಮೇಜು ಕುರ್ಚಿಯೇ ಆಗಬೇಕೆಂದಿಲ್ಲ. ಆಫೀಸಿನ ಮೀಟಿಂಗಿನಂತೆ ಕಂಡರೆ ನಮ್ಮ ಮಕ್ಕಳು ಹೆದರುತ್ತಾರೆ, ನಮಗೆ ಒಗ್ಗಿದ್ದು ಜಗಲಿ.

ಐನ್‌ಮನೆಯ ವಿನ್ಯಾಸ ಗೊತ್ತಿರುವವರಿಗೆ ಅದು ಇದಕ್ಕೆ ಬಹಳ ಹೊಂದುತ್ತದೆ. ಮನೆಗೆ ಹೋಗುವ ಉದ್ದದ ಓಣಿ ಇದೆ, ಅದರಲ್ಲಿ ನಡೆಯುವಷ್ಟು ಹೊತ್ತು ನಿಮಗೂ ಒಳಗಿನವರಿಗೂ ತಯಾರಾಗಲು ಸಮಯ ಸಿಗುತ್ತದೆ. ಹೊರಗೆ ಕೂರಲು ಕಯ್ಯಾಲೆ ಎಂಬ ಜಗಲಿ ಇದೆ, ಪೂರ್ತಿ ಒಳಗೆ ಬರಲು ಮನಸ್ಸಿಲ್ಲದವರು ಅಲ್ಲೇ ಕೂತು ಕೇಳಿಸಿಕೊಳ್ಳಬಹುದು. ನಡುವೆ ದೀಪ ಹಚ್ಚುವ ನಡುಮನೆ, ಅದೇ ನೆಲ್ಲಕ್ಕಿ ನಡುಬಾಡೆ. ಅಷ್ಟಾದರೂ ನಿಮ್ಮ ನಿಜವಾದ ಐನ್‌ಮನೆಯನ್ನೋ ಹುಟ್ಟಿದ ಮನೆಯನ್ನೋ ಇದ್ದ ಹಾಗೇ ಒಳಗೆ ತಂದಿಡಬೇಡಿ. ನಿಮಗೆ ಅಲ್ಲಿ ಬರೀ ಹಬ್ಬದ ನೆನಪು ಇರಬಹುದು. ಅದೇ ಮನೆಯ ಅಟ್ಟದಲ್ಲಿ ಏನಾಯಿತೆಂದು ನಿಮ್ಮೊಳಗಿನ ಇನ್ನೊಬ್ಬರಿಗೆ ಮಾತ್ರ ಗೊತ್ತಿರಬಹುದು. ಓಣಿ ಒಂದು ಕಡೆಯದು, ಜಗಲಿ ಇನ್ನೊಂದು ಕಡೆಯದು, ಕಿಟಕಿಯಾಚೆ ಎಲ್ಲೂ ಇಲ್ಲದ ಒಂದು ತೋಟ, ಹೀಗೆ ಬೆರೆಸಿ.

ಐನ್‌ಮನೆ ಇಲ್ಲದವರೇ ಜಿಲ್ಲೆಯಲ್ಲಿ ಹೆಚ್ಚು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಗೆಳತಿಯೊಬ್ಬಳು ಆರಿಸಿಕೊಂಡದ್ದು ಬಿಸಿಲು ಬಿದ್ದ, ಕಾಫಿ ಒಣಗಿಸುವ ಕಣ. ನಾಲ್ಕೂ ಕಡೆ ತೆರೆದಿರುವುದರಿಂದ ಯಾರು ಬಂದರೂ ದೂರದಿಂದಲೇ ಕಾಣುತ್ತಾರೆ, ಅದೇ ಅವರಿಗೆ ಧೈರ್ಯ. ಇಂಥ ಕಾರಣಗಳನ್ನು ಗಮನಿಸಿ. ಜಾಗ ಸುಂದರವಾಗಿದೆಯೇ ಎನ್ನುವುದಕ್ಕಿಂತ ಅಲ್ಲಿ ಬೆನ್ನಿಗೆ ಭಯವಿಲ್ಲವೇ ಎನ್ನುವುದು ಮುಖ್ಯ. ಮಾಂದಲಪಟ್ಟಿಯ ಹುಲ್ಲುಗುಡ್ಡವಾಗಲಿ ಹಾರಂಗಿಯ ಹಿನ್ನೀರಾಗಲಿ ಕಣ್ಣಿಗೆ ಹಬ್ಬ. ಆದರೆ ಒಳಗೆ ಸಾಯುವ ಮಾತಾಡುವವರು ಇದ್ದರೆ ಪ್ರಪಾತದ ಅಂಚು, ಆಳದ ನೀರು ಇರುವ ಜಾಗ ಬೇಡ.

ಸೇರುವ ಜಾಗಕ್ಕೆ ಕಟ್ಟಳೆ ಕಡಿಮೆ ಇರಲಿ. ನಮ್ಮಲ್ಲಿರುವುದು ಇಷ್ಟು: ಯಾರೂ ಯಾರಿಗೂ ಹೊಡೆಯುವಂತಿಲ್ಲ, ದೇಹಕ್ಕೂ ಗಾಯ ಮಾಡುವಂತಿಲ್ಲ; ಬರುವುದೂ ಎದ್ದು ಹೋಗುವುದೂ ಅವರವರ ಇಷ್ಟ; ಹಳೆಯ ಘಟನೆಯ ವಿವರ ಇಲ್ಲಿ ಹೇಳುವುದಿಲ್ಲ, ಅದು ಥೆರಪಿಸ್ಟ್ ಕೋಣೆಯ ಮಾತು. ಮೊದಮೊದಲು ಚರ್ಚೆಗೆ ಸಣ್ಣ ವಿಷಯ ತೆಗೆದುಕೊಳ್ಳಿ. ಶುಕ್ರವಾರ ಕುಶಾಲನಗರಕ್ಕೆ ಹೋಗುವಾಗ ಬಸ್ಸಿನಲ್ಲಿ ಯಾರು ಹೊರಗಿದ್ದು ದೇಹ ನೋಡಿಕೊಳ್ಳುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಮಲಗೋಣ, ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಚಿಕ್ಕವರು ಎಲ್ಲಿರಬೇಕು. ಇಂಥವನ್ನು ಮಾತಾಡಿ ಅಭ್ಯಾಸವಾದರೆ ದೊಡ್ಡ ವಿಷಯಕ್ಕೆ ದಾರಿ ಆಗುತ್ತದೆ.

ಅವರವರ ಕೋಣೆ, ಅವರವರ ಕೀಲಿ

ಪ್ರತಿಯೊಬ್ಬರಿಗೂ ತಮ್ಮದೇ ಜಾಗ ಬೇಕಾಗಬಹುದು. ಒಂದೇ ಷರತ್ತು, ಚಿಲಕ ಒಳಗಡೆಯಿಂದ ಇರಬೇಕು. ಹೊರಗಿನಿಂದ ಬೀಗ ಹಾಕುವ ಕೋಣೆ ಒಂದೂ ಬೇಡ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬಯ್ಯುವವರು, ಕೈ ಕೊಯ್ದುಕೋ ಎನ್ನುವವರು, ನಮ್ಮನ್ನು ನೋಯಿಸಿದವರ ಧ್ವನಿಯಲ್ಲೇ ಮಾತಾಡುವವರು ಒಳಗೆ ಇರುತ್ತಾರೆ. ಅವರನ್ನು ಕೂಡಿಹಾಕಬೇಕು ಅನ್ನಿಸುವುದು ಸಹಜ. ಆದರೆ ಅವರೂ ಬಹುಮಟ್ಟಿಗೆ ಒಂದು ಕಾಲದಲ್ಲಿ ನಮ್ಮನ್ನು ಕಾಯಲೆಂದೇ ಹುಟ್ಟಿದವರು: ‘ನಾನೇ ಮೊದಲು ಬಯ್ದು ಇವಳನ್ನು ಸುಮ್ಮನಿರಿಸಿದರೆ ಹೊರಗಿನವರ ಹೊಡೆತ ತಪ್ಪುತ್ತದೆ’ ಎಂಬ ಲೆಕ್ಕ ಅವರದು. ಕೂಡಿಹಾಕಿದರೆ ಸಿಟ್ಟು ಹೆಚ್ಚಿ ಬಾಗಿಲು ಒಡೆದು ಬರುತ್ತಾರೆ, ಬಂದಾಗ ಪೆಟ್ಟು ಬೀಳುವುದು ದೇಹಕ್ಕೆ. ಅದರ ಬದಲು ಅವರಿಗೆ ಒಂದು ಹೊಣೆ ಕೊಡಿ. ನಮ್ಮ ಅಣ್ಣ ಬಾಗಿಲು ನೋಡಿಕೊಳ್ಳುತ್ತಾನೆ, ಫೋನಿಗೆ ಬರುವ ಅಪರಿಚಿತ ಕರೆಗಳ ಬಗ್ಗೆಯೂ ಎಚ್ಚರಿಸುತ್ತಾನೆ. ಅವನ ಭಾಷೆ ಈಗಲೂ ಒರಟು. ಕುರ್ಚಿಯಲ್ಲಿ ಒಂದೊಂದು ದಿನ ಕೂರುತ್ತಾನೆ.

ಮಕ್ಕಳ ಕೋಣೆಗೆ ಸ್ವಲ್ಪ ಹೆಚ್ಚು ಗಮನ ಕೊಡಿ. ನಮ್ಮ ಚಿಕ್ಕವಳ ಕೋಣೆಯಲ್ಲಿ ಹಾಸಿಗೆ ಗೋಡೆಗೆ ಒತ್ತಿಕೊಂಡಿದೆ, ಯಾಕೆಂದರೆ ಹಿಂದಿನಿಂದ ಯಾರೂ ಬರಬಾರದು. ಕೆಂಪು ಅಂಚಿನ ಕಂಬಳಿ. ಮಂಚದ ಕೆಳಗೆ ಜಾಗವೇ ಇಲ್ಲ, ಪೂರ್ತಿ ಮುಚ್ಚಿದ ಮರದ ಪೆಟ್ಟಿಗೆಗಳು, ಅವುಗಳಲ್ಲಿ ಆಟದ ಸಾಮಾನು. ಕಿಟಕಿಯಲ್ಲಿ ಯಾವಾಗಲೂ ಬೆಳಗಿನ ಹತ್ತು ಗಂಟೆಯ ಬಿಸಿಲು. ಕಂದು ಬಣ್ಣದ ನಾಯಿ ಕಾಲ ಬಳಿ. ಇಷ್ಟನ್ನೂ ಹೇಳಿದ್ದು ಅವಳೇ, ನಾನು ಮಾಡಿದ್ದು ಹೇಳಿದ್ದನ್ನು ಇಟ್ಟದ್ದು ಮಾತ್ರ. ರಾತ್ರಿ ಹೊರಗೆ ದೊಡ್ಡವರ ಕೆಲಸ ಇರುವಾಗ, ಆಸ್ಪತ್ರೆಗೆ ಹೋಗುವಾಗ, ಗಂಡಹೆಂಡಿರ ಖಾಸಗಿ ಹೊತ್ತಿನಲ್ಲಿ ಮಕ್ಕಳು ಈ ಕೋಣೆಯಲ್ಲಿರಲಿ, ಜೊತೆಗೆ ಒಳಗಿನ ದೊಡ್ಡವರೊಬ್ಬರು ಇರಲಿ. ಮೊದಲೇ ಹೇಳಿ ಕಳಿಸಿ, ಮುಗಿದ ಮೇಲೆ ಹೋಗಿ ‘ಆಯಿತು’ ಎಂದು ತಿಳಿಸಿ.

ನೆನಪುಗಳ ಗೋದಾಮು

ಇದು ಬೇರೆಯೇ ಕಟ್ಟಡ. ಇಲ್ಲಿ ಜನ ಇರುವುದಿಲ್ಲ, ನೆನಪು ಮಾತ್ರ. ಫ್ಲ್ಯಾಶ್‌ಬ್ಯಾಕ್, ಅಂದರೆ ಹಳೆಯದು ಈಗಲೇ ಆಗುತ್ತಿರುವಂತೆ ಮರುಕಳಿಸುವ ನೆನಪು, ನುಗ್ಗಿದಾಗ ಅದನ್ನು ತಾತ್ಕಾಲಿಕವಾಗಿ ಇಡಲು ಭದ್ರವಾದ ಜಾಗ: ಬ್ಯಾಂಕ್ ಲಾಕರ್, ಕಬ್ಬಿಣದ ಪೆಟ್ಟಿಗೆ, ಕಾಫಿ ಗೋದಾಮು. ಗೋಡೆ ಎಷ್ಟು ದಪ್ಪ, ಬೀಗ ಯಾವ ಬಗೆಯದು, ಒಳಗಿನ ಸದ್ದು ಹೊರಗೆ ಕೇಳುತ್ತದೆಯೇ ಎಂದು ವಿವರವಾಗಿ ಕಲ್ಪಿಸಿಕೊಳ್ಳಿ, ವಿವರ ಹೆಚ್ಚಿದಷ್ಟೂ ಅದು ಕೆಲಸ ಮಾಡುತ್ತದೆ. ನೆನಪನ್ನು ಚಿತ್ರ, ಸದ್ದು, ವಾಸನೆ, ಮೈನೋವು ಎಂದು ಬೇರೆ ಬೇರೆ ಚೀಲಗಳಲ್ಲಿ ತುಂಬಿ, ಬಾಯಿ ಹೊಲಿದು, ಒಳಗಿಟ್ಟು ಬೀಗ ಹಾಕಿ. ‘ಇದನ್ನು ಎಸೆಯುತ್ತಿಲ್ಲ, ಮುಂದಿನ ಸೆಷನ್‌ನಲ್ಲಿ ಥೆರಪಿಸ್ಟ್ ಜೊತೆ ತೆಗೆಯೋಣ’ ಎಂದು ಆ ನೆನಪು ಯಾರದೋ ಅವರಿಗೆ ಹೇಳಿ. ಆ ಮಾತಿಲ್ಲದೆ ಇಟ್ಟರೆ ಚೀಲ ನಿಲ್ಲುವುದಿಲ್ಲ. ಅವರ ಪಾಲಿಗೆ ಅದು ಮತ್ತೊಮ್ಮೆ ಬಾಯಿ ಮುಚ್ಚಿಸಿದ ಹಾಗೆ.

ಕತ್ತಲ ಕೋಣೆ ಸಿಕ್ಕರೆ, ಮಳೆ ನಿಲ್ಲದಿದ್ದರೆ

ಒಳಗೆ ಒಂದಲ್ಲ ಒಂದು ದಿನ ಭಯದ ಜಾಗ ಸಿಗುತ್ತದೆ, ಅಲ್ಲಿ ಯಾರೋ ಸಿಕ್ಕಿಕೊಂಡಿರುತ್ತಾರೆ. ಅವರ ಪಾಲಿಗೆ ಕಾಲ ಅಲ್ಲೇ ನಿಂತಿದೆ. ಆ ಜಾಗವನ್ನು ಕೆಡವಲು, ಸುಡಲು ಹೋಗಬೇಡಿ. ಅವರಿಗೆ ಗೊತ್ತಿರುವ ಮನೆ ಅದೊಂದೇ. ಬಾಗಿಲಲ್ಲೇ ನಿಂತು ‘ಸ್ವಲ್ಪ ಬೆಳಕು ತರಲಾ?’ ಎಂದು ಕೇಳಿ. ಒಪ್ಪಿದರೆ ಒಂದು ದೀಪ. ಇನ್ನೊಂದು ದಿನ ಒಂದು ಕಿಟಕಿ, ಮತ್ತೊಂದು ದಿನ ಗೋಡೆಗೆ ಈ ವರ್ಷದ ಕ್ಯಾಲೆಂಡರ್. ಅವರಾಗಿ ಹೊರಗೆ ಬರುವವರೆಗೆ ಕೈ ಹಿಡಿದು ಎಳೆಯುವುದು ಬೇಡ.

ಕೊಡಗಿನವರಿಗೆ ಮಳೆಯ ಬಗ್ಗೆ ಬೇರೆಯೇ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರ ಸುತ್ತ ಗುಡ್ಡ ಜಾರಿದ್ದನ್ನು ಕಂಡವರ ಮೈ ನಡುಗಲು ಜೋರು ಮಳೆಯ ಕಕ್ಕಡ ತಿಂಗಳ ಸದ್ದೇ ಸಾಕು. ಹಳೆಯ ಗಾಯವಿರುವವರಲ್ಲಿ ಇಂಥ ಹೊಸ ಆಘಾತವೂ ಒಬ್ಬರನ್ನು ಅಲ್ಲೇ ನಿಲ್ಲಿಸಿಬಿಡಬಲ್ಲದು. ನಮ್ಮೊಳಗೆ ಒಬ್ಬಳಿಗೆ ವರ್ಷಪೂರ್ತಿ ಅದೇ ಮಳೆ. ಶೀಟಿನ ಮೇಲೆ ಹನಿ ಜೋರಾದರೆ ಒಳಗಿನಿಂದ ಅವಳ ಸ್ವರ ಬರುತ್ತದೆ, ‘ಅಕ್ಕಾ, ಗುಡ್ಡ ಬರ್ತಾ ಇದೆ, ಎದ್ದೇಳಿ.’ ಆಗ ‘ಏನೂ ಬರ್ತಿಲ್ಲ’ ಎಂದು ಗದರಿದರೆ ಅವಳು ಇನ್ನೂ ಕಿರುಚುತ್ತಾಳೆ. ನಾವು ಮಾಡುವುದು ಹೀಗೆ: ಮೊದಲು ಅವಳ ಮಾತು ಒಪ್ಪಿಕೊಳ್ಳುತ್ತೇವೆ, ‘ಹೌದು, ಆಗ ಬಂದಿತ್ತು, ನೀನು ಸರಿಯಾಗಿಯೇ ಎಚ್ಚರಿಸಿದೆ.’ ಆಮೇಲೆ ಎದ್ದು ಕಿಟಕಿ ಬಳಿ ಹೋಗಿ, ನನ್ನ ಕಣ್ಣಿನಿಂದ ಅವಳಿಗೆ ಹೊರಗಿನ ಅಂಗಳ ತೋರಿಸುತ್ತೇನೆ: ಸಿಲ್ವರ್ ಓಕ್ ಮರ ನೆಟ್ಟಗಿದೆ, ಚರಂಡಿಯಲ್ಲಿ ನೀರು ತಿಳಿಯಾಗಿ ಹೋಗುತ್ತಿದೆ, ಬರೆ (ಮಣ್ಣಿನ ದಿಣ್ಣೆ) ಕುಸಿದಿಲ್ಲ. ಇಷ್ಟಾದ ಮೇಲೆ ಒಳಗಿನ ಮಳೆಯನ್ನು ಅವಳ ಕೈಗೇ ಕೊಡುತ್ತೇವೆ. ಅವಳ ಕೋಣೆಯಲ್ಲಿ ರೇಡಿಯೊ ವಾಲ್ಯೂಮಿನಂಥ ಒಂದು ಗುಂಡಿ ಇದೆ, ಎಷ್ಟು ತಿರುಗಿಸಬೇಕೋ ಅವಳೇ ತಿರುಗಿಸುತ್ತಾಳೆ. ಪೂರ್ತಿ ನಿಲ್ಲಿಸುವುದು ಅವಳಿಗೆ ಇಷ್ಟವಿಲ್ಲ. ನಿಂತ ಮಳೆಯನ್ನು ಅವಳು ನಂಬುವುದಿಲ್ಲ. ಹೊರಗೆ ನಿಜಕ್ಕೂ ಜಿಲ್ಲಾಡಳಿತದ ಎಚ್ಚರಿಕೆ ಇರುವ ದಿನ ಮಾತ್ರ ಈ ಅಭ್ಯಾಸ ಬದಿಗಿಡಿ. ಅಂದು ಅವಳ ಭಯ ಸರಿ, ಸುರಕ್ಷಿತ ಜಾಗಕ್ಕೆ ಹೊರಡಿ.

ವಾಪಸು ಬರುವುದು

ಹೋದ ದಾರಿಯಲ್ಲೇ ಬನ್ನಿ. ಜಗಲಿಯಿಂದ ಎದ್ದು, ಮಕ್ಕಳು ಯಾರ ಜೊತೆ ಇದ್ದಾರೆಂದು ನೋಡಿ, ಗೋದಾಮಿನ ಬೀಗ ನೋಡಿ, ಓಣಿ ಇಳಿದು ಹೊರಗೆ. ಕಣ್ಣು ತೆರೆದು ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಹೇಳಿ. ರುಚಿಗೆ ನಾನು ಕಾಳುಮೆಣಸು ಕಚ್ಚುತ್ತೇನೆ. ತಾರೀಖು ಮತ್ತೊಮ್ಮೆ ಹೇಳಿ. ಮೈ ಇನ್ನೂ ಹಗುರವಾಗಿ ತೇಲಿದಂತಿದ್ದರೆ ತಣ್ಣೀರಿನಲ್ಲಿ ಕೈ ಅದ್ದಿ, ಎದ್ದು ನಡೆದಾಡಿ. ಪೂರ್ತಿ ಬಂದಿದ್ದೇನೆ ಅನ್ನಿಸುವವರೆಗೆ ಕತ್ತಿ, ಒಲೆ, ಸ್ಕೂಟರ್ ಮುಟ್ಟಬೇಡಿ.

ಆಮೇಲೆ ಪುಸ್ತಕದಲ್ಲಿ ನಕ್ಷೆ ಬಿಡಿಸಿ. ಚಿತ್ರ ಚೆನ್ನಾಗಿ ಬರಬೇಕೆಂದಿಲ್ಲ, ಚೌಕ, ಗೆರೆ, ಬಾಣ ಸಾಕು, ತಾರೀಖು ಇರಲಿ. ಒಳಜಾಗ ಬದಲಾಗುತ್ತಿರುತ್ತದೆ, ಹಳೆಯ ನಕ್ಷೆ ಹರಿಯಬೇಡಿ. ತುಂಬಿದ ಮನೆಯಲ್ಲಿ ಪುಸ್ತಕ ಯಾರ ಕೈಗಾದರೂ ಸಿಗಬಹುದು. ಬೀಗ ಇರುವ ಕಡೆ ಇಡಿ, ಹೆಸರುಗಳ ಬದಲು ಗುರುತು ಹಾಕಿ. ಡಾಕ್ಟರಿಗೆ ತೋರಿಸಿದ್ದು ಹೊರಗೆ ಹೋದೀತೆಂಬ ಹೆದರಿಕೆ ಬೇಡ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಮಾಹಿತಿ ಗೋಪ್ಯವಾಗಿರುವುದು ನಿಮ್ಮ ಹಕ್ಕು.

ಯಾವಾಗ ನಿಲ್ಲಿಸಬೇಕು

ಒಳಗೆ ಹೋದ ಮೇಲೆ ಸಮಯ ಕಳೆದುಹೋಗುವುದು ಹೆಚ್ಚಾದರೆ, ಹೊರಗಿನ ಊಟ, ಕೆಲಸ, ಜನ ಬೇಡವೆನಿಸಿ ದಿನವಿಡೀ ಒಳಗೇ ಇರಬೇಕೆನಿಸಿದರೆ, ಒಳಗಿನ ಜಾಗ ಯಾವುದು ಹೊರಗಿನದು ಯಾವುದು ಎಂಬ ಗಡಿ ಮಸುಕಾದರೆ, ದೇಹಕ್ಕೆ ಗಾಯ ಮಾಡುವ ಮಾತು ಬಲವಾದರೆ ನಿಲ್ಲಿಸಿ ಮನೋವೈದ್ಯರನ್ನು ನೋಡಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ, ಬೇಕಾದರೆ ಅಲ್ಲಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೆ ಬರೆಸಿಕೊಳ್ಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಜೀವಕ್ಕೆ ಅಪಾಯ ಎನ್ನುವಂತಿದ್ದರೆ 112. ಫೋನ್ ಮಾಡಿದಾಗ ಡಿಐಡಿ ಎಂದೆಲ್ಲ ವಿವರಿಸಲು ಶಕ್ತಿ ಇರುವುದಿಲ್ಲ. ‘ನನಗೆ ನನ್ನ ಮೇಲೆ ಹಿಡಿತ ತಪ್ಪುತ್ತಿದೆ, ಗಾಯ ಮಾಡಿಕೊಳ್ಳುವ ಭಯ ಇದೆ’ ಎಂದರೆ ಸಾಕು. ಈ ವಾಕ್ಯವನ್ನೂ ಆ ಎರಡು ನಂಬರನ್ನೂ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ. ಆ ಹೊತ್ತಿಗೆ ಹೊರಗಿರುವವರು ನೀವೇ ಆಗಿರಬೇಕೆಂದಿಲ್ಲ, ಓದಿ ಫೋನ್ ಮಾಡಲು ಇನ್ನೊಬ್ಬರಿಗೂ ತಿಳಿಯಬೇಕು.

ಮನೆಯವರು ಇದನ್ನು ಓದುತ್ತಿದ್ದರೆ

ಒಳಗೆ ಯಾರು ಯಾರು ಇದ್ದಾರೆಂದು ಪಟ್ಟಿ ಕೇಳಬೇಡಿ. ನೆಂಟರೆದುರು ‘ಈಗ ಇನ್ನೊಬ್ಬಳನ್ನು ಕರಿ ನೋಡೋಣ’ ಎನ್ನಬೇಡಿ. ನಕ್ಷೆಯ ಪುಸ್ತಕ ಕಣ್ಣಿಗೆ ಬಿದ್ದರೆ ಮುಚ್ಚಿ ಅಲ್ಲೇ ಇಡಿ. ಒಳಗೆ ಹೋಗಿ ಬಂದವರು ಒಂದಷ್ಟು ಹೊತ್ತು ಮಂಕಾಗಿರುತ್ತಾರೆ, ಆಗ ಪ್ರಶ್ನೆಗಿಂತ ಬಿಸಿ ಕಾಫಿ ಉಪಯೋಗಕ್ಕೆ ಬರುತ್ತದೆ. ಎದುರಿಗಿರುವವರ ಧ್ವನಿ, ಕೂರುವ ರೀತಿ ಬದಲಾದಂತೆ ಕಂಡರೆ ಮೆಲ್ಲಗೆ ‘ನಿಮ್ಮನ್ನ ಹೇಗೆ ಕರೀಲಿ?’ ಎಂದು ಒಮ್ಮೆ ಕೇಳಿ. ಉತ್ತರ ಬಂದರೆ ಹಾಗೇ ಕರೆಯಿರಿ, ಬರದಿದ್ದರೆ ಹೆಸರಿಲ್ಲದೆ ಮಾತಾಡಿಸಿ. ಮಾತ್ರೆ, ಊಟ, ನಿದ್ದೆಯ ಹೊತ್ತು ಮಾತ್ರ ಯಾರು ಹೊರಗಿದ್ದರೂ ತಪ್ಪದಂತೆ ನೋಡಿಕೊಳ್ಳಿ, ದೇಹ ಎಲ್ಲರಿಗೂ ಒಂದೇ.